ಹಾಲಿನ ಹೊತ್ತು ಬಿಟ್ಟುಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ.

ಕಳೆದ ವಾರ ನಮ್ಮೂರ ಹಾಲಿನ ಡೈರಿಯಲ್ಲಿ ನನ್ನ 44 ಫೋಟೊಗಳು ಏಳು ದಿನ ಗೋಡೆ ಮೇಲಿದ್ದವು. ಹಾಲು ಹಾಕಲು ಬಂದವರು ಕ್ಯಾನು ಕೆಳಗಿಟ್ಟು ನೋಡಿದರು. ಮದ್ದೂರಿಂದ, ಮಂಡ್ಯದಿಂದ, ಒಂದಿಬ್ಬರು ಮೈಸೂರಿಂದಲೂ ಬಂದರು. ಏಳನೇ ದಿನ ಸಂಜೆ ಎಲ್ಲ ಇಳಿಸಿ, ಪೇಪರ್ ಸುತ್ತಿ ಮನೆಗೆ ತಂದಿಟ್ಟೆ. ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹೇಳಬೇಕಾದ್ದು ಬೇಕಾದಷ್ಟಿತ್ತು. ಬಂದವರನ್ನು ಮಾತಾಡಿಸುವ ಗಡಿಬಿಡಿಯಲ್ಲಿ ಯಾರಿಗೂ ನೆಟ್ಟಗೆ ಹೇಳಿರಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಡೈರಿ ಸೆಕ್ರೆಟರಿ. ಹದಿನೆಂಟು ವರ್ಷದಿಂದ ಇದೇ ಕೆಲಸ. ಫೋಟೊ ತೆಗೆಯುವ ಹುಚ್ಚು ಹಿಡಿದು ಹತ್ತು ವರ್ಷ ಆಯಿತು. ಈ ಎರಡಕ್ಕೂ ಮೊದಲಿಂದ ಹೊಂದಾಣಿಕೆ ಇಲ್ಲ. ಕ್ಯಾಮೆರಾ ಹಿಡಿದವರಿಗೆ ಗೊತ್ತು, ಒಳ್ಳೆ ಬೆಳಕು ಸಿಗುವುದು ಹೊತ್ತು ಹುಟ್ಟಿದ ಮೇಲೆ ಒಂದು ಗಂಟೆ, ಹೊತ್ತು ಮುಳುಗುವ ಮುಂಚೆ ಒಂದು ಗಂಟೆ. ಬಿಸಿಲು ಆಗ ಓರೆಯಾಗಿ ಬೀಳುತ್ತದೆ, ಹಕ್ಕಿಯ ಒಂದೊಂದು ಗರಿಯೂ ಬೇರೆಬೇರೆ ಕಾಣುತ್ತದೆ. ಡೈರಿ ಬಾಗಿಲು ತೆಗೆಯುವುದೂ ಸರಿಯಾಗಿ ಅದೇ ಎರಡು ಹೊತ್ತು. ಹಸುವಿಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಆರಕ್ಕೆ ಬಾಗಿಲು ತೆಗೀಬೇಕು. ಹಾಲು ಅಳೀಬೇಕು, ಮಿಷನ್‌ಗೆ ಸ್ಯಾಂಪಲ್ ಹಾಕಿ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶ) ನೋಡಬೇಕು, ಚೀಟಿ ಕೊಡಬೇಕು. ಗಾಡಿ ಬರುವುದರೊಳಗೆ ಎಲ್ಲ ಮುಗಿಯಬೇಕು.

ಹಾಗಾಗಿ ಆ ಗೋಡೆ ಮೇಲಿದ್ದ ಒಂದೊಂದು ಹಕ್ಕಿ ಫೋಟೊ ತೆಗೆದ ದಿನವೂ ನನ್ನ ಜಾಗದಲ್ಲಿ ಇನ್ಯಾರೋ ನಿಂತು ಹಾಲು ಅಳೆದಿದ್ದಾರೆ. ಫೋಟೊ ನೋಡಿದರೆ ನನಗೆ ಅದು ಯಾರು ಅನ್ನುವುದೂ ನೆನಪಾಗುತ್ತದೆ. ಹೆಚ್ಚಿನ ದಿನ ನಮ್ಮ ಟೆಸ್ಟರ್ ಹುಡುಗ. ಅವನಿಗೆ ಜ್ವರ ಬಂದಾಗ, ನೆಂಟರ ಮನೆಗೆ ಹೋದಾಗ ನನ್ನ ಹೆಂಡತಿ. ಹತ್ತು ವರ್ಷದಲ್ಲಿ ಒಂದು ಸಲವೂ 'ಇವತ್ತು ಆಗಲ್ಲ' ಅನ್ನದೆ ನಿಂತರು. ಮೊದಲ ನಮಸ್ಕಾರ ಇವರಿಬ್ಬರಿಗೆ.

2014ರಲ್ಲಿ ಮದ್ದೂರಿನ ಸ್ಟುಡಿಯೊ ಅಣ್ಣನ ಹತ್ತಿರ ಸೆಕೆಂಡ್ ಹ್ಯಾಂಡ್ ಕ್ಯಾನನ್ 1100ಡಿ ತಗೊಂಡೆ. ಹದಿನಾಲ್ಕು ಸಾವಿರ, ಅದೂ ಮೂರು ಕಂತಿನಲ್ಲಿ. ಮಗಳಿಗೆ ಆಗ ಆರು ವರ್ಷ. ಅವಳ ಸ್ಕೂಲ್ ಡೇಗೆ ಅಂತ ತಂದ ಕ್ಯಾಮೆರಾ ಒಂದು ತಿಂಗಳಲ್ಲಿ ನನ್ನನ್ನು ಕೊಕ್ಕರೆ ಬೆಳ್ಳೂರಿಗೆ ಎಳೆದುಕೊಂಡು ಹೋಯಿತು. ನಮ್ಮೂರಿಂದ ಬೈಕಿನಲ್ಲಿ ಅರ್ಧ ಗಂಟೆ ದಾರಿ. ಡಿಸೆಂಬರ್, ಜನವರಿ ಬಂತೆಂದರೆ ಹೆಜ್ಜಾರ್ಲೆಗಳು (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೇ ಗೂಡು ಕಟ್ಟುತ್ತವೆ. ಮರದ ಕೆಳಗೆ ಮನೆ, ಮನೆ ಮುಂದೆ ಹಸು, ತಲೆ ಮೇಲೆ ಏಳೆಂಟು ಅಡಿ ರೆಕ್ಕೆಯ ಹಕ್ಕಿ. ಚಿಕ್ಕಂದಿನಿಂದ ನೋಡಿದ್ದೇ ಆದರೂ ಕ್ಯಾಮೆರಾ ಕಣ್ಣಿಗೆ ಇಟ್ಟ ದಿನ ಹೊಸದಾಗಿ ನೋಡಿದ ಹಾಗಾಯಿತು.

ಮೊದಲ ಒಂದು ವರ್ಷ ಒಂದು ಫೋಟೊವೂ ಸರಿ ಬರಲಿಲ್ಲ. ಕೊಕ್ಕರೆ ಇರಬೇಕಾದ ಕಡೆ ಸುಣ್ಣ ಬಳಿದ ಹಾಗೆ ಬರೀ ಬಿಳಿ. ಸ್ಟುಡಿಯೊ ಅಣ್ಣ ಅಂಗಡಿ ಮುಚ್ಚಿದ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಹಿಂದೆ ಹುಣಸೆ ಸೊಪ್ಪು ಕಪ್ಪಗೆ ತುಂಬಿಕೊಂಡಿರುತ್ತದೆ. ಕ್ಯಾಮೆರಾ ಅದನ್ನು ನೋಡಿ ಬೆಳಕು ಸಾಲದು ಅಂದುಕೊಳ್ಳುತ್ತದೆ, ಜಾಸ್ತಿ ಬೆಳಕು ಬಿಟ್ಟುಕೊಳ್ಳುತ್ತದೆ. ಹಕ್ಕಿಯ ಬಿಳಿ ಸುಟ್ಟುಹೋಗುತ್ತದೆ. "ಬೆಳಕನ್ನ ಮೈನಸ್ ಒಂದಕ್ಕೆ ಇಳಿಸು. ಕಪ್ಪನ್ನ ಆಮೇಲೆ ಎತ್ಕೋಬಹುದು. ಬಿಳಿ ಹೋಯ್ತು ಅಂದ್ರೆ ಹೋಯ್ತು ಕಣಯ್ಯ, ವಾಪಸ್ ಬರಲ್ಲ. ಬಿಳಿ ಜೋಪಾನ." ಆ ಮಾತನ್ನು ಇವತ್ತಿಗೂ ಶಟರ್ ಒತ್ತುವ ಮುಂಚೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತೇನೆ. ಅಣ್ಣ, ನೀವು ಒಂದು ರೂಪಾಯಿ ತಗೊಳ್ಳದೆ ಕಲಿಸಿದಿರಿ. ಮಳೆಗಾಲದಲ್ಲಿ ಲೆನ್ಸ್‌ಗೆ ಫಂಗಸ್ ಹಿಡಿಯದಿರಲಿ ಅಂತ ಸಿಲಿಕಾ ಜೆಲ್ ಪೊಟ್ಟಣಗಳನ್ನೂ ನೀವೇ ಕೊಟ್ಟಿರಿ. ಯಾವುದನ್ನೂ ಮರೆತಿಲ್ಲ.

ಬೆಳ್ಳೂರಿನ ಒಬ್ಬ ಅಜ್ಜಿಗೆ ನಾನು ಬೇರೆಯೇ ಒಂದು ಋಣ ತೀರಿಸಬೇಕು. 2017ರ ಕೊನೆಯಲ್ಲಿ ಹೊಟ್ಟೆಯಲ್ಲಿ ಹುಳು ಸೇರಿ ಹೆಜ್ಜಾರ್ಲೆಗಳು ಒಂದೊಂದಾಗಿ ಸತ್ತವು. ಪೇಪರಿನಲ್ಲೆಲ್ಲ ಬಂತು. ನಾನೂ ಕ್ಯಾಮೆರಾ ಎತ್ತಿಕೊಂಡು ಹೋದೆ. ಒಂದು ಮನೆ ಮುಂದೆ ಹಕ್ಕಿ ಬಿದ್ದಿತ್ತು, ರೆಕ್ಕೆ ಬಿಚ್ಚಿಕೊಂಡು. ಮಂಡಿ ಊರಿ ಹತ್ತಿರದಿಂದ ತೆಗೆಯಲು ಹೋದೆ. ಜಗಲಿ ಮೇಲಿದ್ದ ಅಜ್ಜಿ ಎದ್ದು ಬಂದು ಒಂದು ಹಳೇ ಪಂಚೆಯನ್ನು ಅದರ ಮೇಲೆ ಹೊದಿಸಿದರು. "ಬಾಣಂತನಕ್ಕೆ ಬಂದ ಮಗಳು ಸತ್ತವ್ಳೆ. ಪಟ ತಗೀತೀಯ ಮಗಾ?" ಅಂದರು. ಜೋರಾಗಿ ಅಲ್ಲ, ಸುಮ್ನೆ ಕೇಳಿದ ಹಾಗೆ.

ಆ ಊರಿನವರು ಈ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಆ ಮಾತು ನನಗೂ ಗೊತ್ತಿತ್ತು, ಕೇಳಿ ಕೇಳಿ ಸಾಕಾಗುವಷ್ಟು. ಅವರು ಅದನ್ನು ನಿಜವಾಗಿ ನಂಬಿದ್ದಾರೆ ಅನ್ನುವುದು ಅವತ್ತು ಗೊತ್ತಾಯಿತು. ಕ್ಯಾಮೆರಾ ಚೀಲಕ್ಕೆ ಹಾಕಿದೆ. ಅವತ್ತು ಮಧ್ಯಾಹ್ನದವರೆಗೆ ಹೆಜ್ಜಾರ್ಲೆ ಬಳಗದ ಹುಡುಗರ ಜೊತೆ ಇದ್ದೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವವರೆಗೂ ಸಾಕುವ ಹುಡುಗರು ಅವರು. ಮೀನಿನ ಬುಟ್ಟಿ ಹೊತ್ತೆ, ಅಷ್ಟೇ. ಆಮೇಲೆ ಎರಡು ವರ್ಷ ಕಳೆದು ಆ ಅಜ್ಜಿಯೇ ಹಿತ್ತಲಿನ ಮರ ತೋರಿಸಿ, ಮಧ್ಯಾಹ್ನದ ಹೊತ್ತು ಬಾ ಅಂದರು. ಉರಿಬಿಸಿಲಲ್ಲಿ ತಾಯಿ ಕೊಕ್ಕರೆ ರೆಕ್ಕೆ ಅಗಲಿಸಿ ಮರಿಗಳ ಮೇಲೆ ಕೊಡೆಯ ಹಾಗೆ ನಿಂತಿತ್ತು. ಅಲ್ಲಾಡಲಿಲ್ಲ. ಅದರ ಬೆನ್ನ ಮೇಲಿನ ಗುಲಾಬಿ ಗರಿಗಳೊಳಗಿಂದ ಬಿಸಿಲು ಸೋಸಿ ಮರಿಗಳ ತಲೆ ಮೇಲೆ ಬೀಳುತ್ತಿತ್ತು. ಒಳ್ಳೆ ಬೆಳಕು ಅಂದರೆ ಬೆಳಗ್ಗೆ, ಸಂಜೆ ಮಾತ್ರ ಅಂತ ನಂಬಿದ್ದ ನನಗೆ ಮಟಮಟ ಮಧ್ಯಾಹ್ನ ಸಿಕ್ಕಿದ ಫೋಟೊ ಅದು. ಡೈರಿ ಗೋಡೆಯಲ್ಲಿ ಅದನ್ನೇ ನಡುವೆ ಹಾಕಿದ್ದೆವು.

ರಂಗನತಿಟ್ಟಿನ ದೋಣಿ ಅಣ್ಣಂದಿರಿಗೂ ಒಂದು ಮಾತು. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಪಕ್ಷಿಧಾಮ ಆದ ಜಾಗ ಅದು. ಅಲ್ಲಿ ಹಕ್ಕಿಗಳಿಗೆ ಬರವಿಲ್ಲ, ಆದರೆ ದೋಣಿ ಅಲ್ಲಾಡಿದರೆ ಎಲ್ಲವೂ ಅಲ್ಲಾಡುತ್ತದೆ. ರೀವ ಹಕ್ಕಿ (ರಿವರ್ ಟರ್ನ್) ಮೀನು ಹಿಡಿದು ಬಂಡೆಗೆ ಬರುವ ಹೊತ್ತಿಗೆ ನಾನು ಕೇಳದೆಯೇ ಹುಟ್ಟು ನಿಲ್ಲಿಸಿ ಉಸಿರು ಬಿಗಿಹಿಡಿದು ಕೂತಿರಿ. ಆ ಫೋಟೊ ಶಾರ್ಪ್ ಬಂದಿದ್ದರೆ ಅರ್ಧ ಪಾಲು ನಿಮ್ಮದು.

ಮನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಅವ್ವ ನಾನು ಹೊರಡುವ ದಿನ ನಾಲ್ಕಕ್ಕೇ ಎದ್ದು ರಾಗಿ ರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿ ಜೊತೆ ಕಟ್ಟಿಕೊಡುತ್ತಾರೆ. ಎಲ್ಲಿಗೆ, ಯಾಕೆ ಅಂತ ಒಂದು ದಿನ ಕೇಳಿಲ್ಲ. ನನ್ನ ಹೆಂಡತಿ 2019ರಲ್ಲಿ ಐವತ್ತೈದು ಸಾವಿರ ತಂದು ಮುಂದಿಟ್ಟಳು. ಒಂದು ಹಸುವಿನ ಬಟವಾಡೆಯಲ್ಲಿ ಬೂಸಾ, ಹಿಂಡಿಗೆ ಹೋಗಿ ಉಳಿದ ದುಡ್ಡನ್ನು ಒಂದೂವರೆ ವರ್ಷ ಮುಟ್ಟದೆ ಇಟ್ಟಿದ್ದಳು. ಡೈರಿ ಲೆಕ್ಕ ಬರೆಯುವವನು ನಾನೇ, ನನಗೇ ಗೊತ್ತಾಗಲಿಲ್ಲ. "ಮರದ ತುದಿ ತನಕ ಹೋಗಲ್ಲ ಅಂತ ದಿನಾ ಕೊರಗ್ತೀರಲ್ಲ, ಆ ಉದ್ದದ್ದು ತಗೊಳ್ಳಿ" ಅಂದಳು. ಹಾಗೆ ಬಂದದ್ದು 150-600 ಲೆನ್ಸ್. ಹಳೆಯದೇ, ಆದರೆ ಗಾಜು ಚೊಕ್ಕವಾಗಿತ್ತು.

ಎರಡು ಕೆಜಿ ತೂಗುವ ಆ ಲೆನ್ಸನ್ನು 2023ರ ಜುಲೈನಲ್ಲಿ ಎತ್ತಲಾಗದೇ ಹೋಯಿತು. ಬಲಭುಜ ಹಿಡಿದುಕೊಂಡಿತು. ಅಂಗಿ ತೋಳು ತೂರಿಸಲು ಆಗುತ್ತಿರಲಿಲ್ಲ, ತಲೆ ಬಾಚಲು ಆಗುತ್ತಿರಲಿಲ್ಲ. ಮೊದಲು ತೋರಿಸಿದ ಕಡೆ ನೋವಿನ ಮಾತ್ರೆ ಕೊಟ್ಟು ಕೈ ಅಲ್ಲಾಡಿಸಬೇಡಿ ಅಂದರು. ಎರಡು ತಿಂಗಳು ಹಾಗೇ ಹೋಯಿತು, ಕೈ ಇನ್ನೂ ಬಿಗಿಯಿತು. ಆಮೇಲೆ ಮಂಡ್ಯದಲ್ಲಿ ಒಬ್ಬ ಫಿಸಿಯೊ ಮೇಡಂ ನೋಡಿದರು. ಇದು ಫ್ರೋಜನ್ ಶೋಲ್ಡರ್, ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ ಬರುತ್ತದೆ, ಅಲ್ಲಾಡಿಸದಿದ್ದರೆ ಇನ್ನೂ ಕಚ್ಚಿಕೊಳ್ಳುತ್ತದೆ, ವರ್ಷದ ಮೇಲೂ ಹಿಡಿಯಬಹುದು, ಆದರೆ ಬಿಡುತ್ತದೆ ಅಂದರು. 'ಬಿಡುತ್ತದೆ' ಅನ್ನುವ ಆ ಒಂದು ಮಾತು ಹಿಡಿದುಕೊಂಡು ಮನೆಗೆ ಬಂದೆ.

ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ನಡೆಸಬೇಕಿತ್ತು. ನೋವು ಎಲ್ಲಿ ತಡೆಯುತ್ತದೋ ಅಲ್ಲಿಗೆ ನಿಲ್ಲಿಸಬೇಕು. ನಮ್ಮ ನಡುಮನೆ ಬಾಗಿಲ ಪಕ್ಕದ ಗೋಡೆಯಲ್ಲಿ ಮಗಳ ಎತ್ತರ ಗುರುತು ಹಾಕಿದ ಪೆನ್ಸಿಲ್ ಗೆರೆಗಳಿವೆ. ಒಂದನೇ ಕ್ಲಾಸು, ಎರಡನೇ ಕ್ಲಾಸು, ಹಾಗೇ ಮೇಲಕ್ಕೆ. ಹೆಂಡತಿ ನನ್ನನ್ನು ಅಲ್ಲೇ ನಿಲ್ಲಿಸಿದಳು. ಪ್ರತಿ ಭಾನುವಾರ ನನ್ನ ನಡುಬೆರಳು ಮುಟ್ಟಿದ ಕಡೆ ಒಂದು ಗೆರೆ ಎಳೆದು ತಾರೀಕು ಬರೆಯುತ್ತಿದ್ದಳು. ಮೊದಲ ಗೆರೆ ಮಗಳ ಎರಡನೇ ಕ್ಲಾಸಿನ ಗೆರೆಗಿಂತ ಕೆಳಗಿತ್ತು. ಕೆಲವು ವಾರ ಒಂದು ಬೆರಳಿನಷ್ಟು ಏರುತ್ತಿತ್ತು. ಕೆಲವು ವಾರ ಏನೂ ಇಲ್ಲ. ಆಗ ಹಳೇ ಗೆರೆಯ ಮೇಲೇ ಇನ್ನೊಂದು ಸಲ ಎಳೆಯುತ್ತಿದ್ದಳು, ಏನೂ ಮಾತಾಡದೆ. ಹತ್ತನೇ ಕ್ಲಾಸಿನ ಗೆರೆ ದಾಟಿದ ದಿನ ಅವ್ವ ಪಾಯಸ ಮಾಡಿದರು.

ಈ ನಡುವೆ ಜನವರಿಯಲ್ಲಿ ಹಕ್ಕಿಗಳು ಬಂದಿದ್ದವು. ನಾನು ಬೆಳ್ಳೂರಿಗೆ ಹೋಗಲಿಲ್ಲ. ಡೈರಿಯಲ್ಲಿ ಕೂತಿದ್ದೆ, ಬೇಜಾರು ಮುಖದಲ್ಲೇ ಕಾಣುತ್ತಿತ್ತು ಅಂತ ಕಾಣುತ್ತದೆ. ಒಂದು ದಿನ ಬೆಳಗ್ಗೆ ಏಳು ಗಂಟೆ ಮೇಲೆ ಟೆಸ್ಟರ್ ಹುಡುಗ ಕರೆದ. "ಅಣ್ಣ, ಈ ಕಡೆ ನೋಡಿ." ನಮ್ಮ ಡೈರಿಗೆ ಆಗ್ನೇಯಕ್ಕೆ ಒಂದು ಸಣ್ಣ ಕಿಟಕಿ ಇದೆ. ಚಳಿಗಾಲದಲ್ಲಿ ಸೂರ್ಯ ತೆಂಕಲಿಗೆ ಸರಿದಾಗ ಮಾತ್ರ ಅದರಿಂದ ಬಿಸಿಲು ಒಳಗೆ ಬೀಳುತ್ತದೆ, ಇಪ್ಪತ್ತು ನಿಮಿಷ. ಒಬ್ಬ ಹೆಂಗಸು ಕ್ಯಾನಿಗೆ ಹಾಲು ಸುರಿಯುತ್ತಿದ್ದರು. ನೊರೆಯ ಮೇಲೆ ಆ ಬಿಸಿಲು ಬಿದ್ದಿತ್ತು. ಹಾಲಿನ ಹಬೆ, ಅವರ ಬಳೆ, ಮೂಗುಬೊಟ್ಟು. "ದಿನಾ ಈ ಟೈಮಿಗೆ ಬರುತ್ತೆ ಅಣ್ಣ. ಬೆಳ್ಳೂರಲ್ಲಿರ್ತಿದ್ರಲ್ಲ ನೀವು" ಅಂದ.

ಅವತ್ತಿಂದ ಡೈರಿಯೇ ನನ್ನ ಜಾಗ ಆಯಿತು. ಕ್ಯಾಮೆರಾವನ್ನು ಕಣ್ಣಿನ ಎತ್ತರಕ್ಕೆ ಎತ್ತಲು ಆಗದು. ಬೋರಲು ಹಾಕಿದ ಖಾಲಿ ಕ್ಯಾನಿನ ಮೇಲಿಟ್ಟು, ಹಳೇ ಚಿಕ್ಕ ಲೆನ್ಸ್ ಹಾಕಿ, ಹಿಂದಿನ ಸ್ಕ್ರೀನ್ ನೋಡಿಕೊಂಡು ತೆಗೆದೆ. ಸೊಂಟದ ಎತ್ತರದಿಂದ ನೋಡಿದರೆ ಬೇರೆಯೇ ಲೋಕ. ಮುಖಕ್ಕಿಂತ ಮುಂಚೆ ಕೈ ಕಾಣುತ್ತದೆ. ಮೇಲಿಂದ ತೆಗೆಯಬೇಕಾದಾಗ ಹುಡುಗನೇ ಸ್ಟೂಲು ಹತ್ತಿ ಕ್ಯಾಮೆರಾ ಎತ್ತಿ ಹಿಡಿದ. ಹಾಲಿನ ನೊರೆಯೂ ಬಿಳಿಯೇ ಅಲ್ವಾ, ಅವನಿಗೂ ಮೈನಸ್ ಒಂದು ಹೇಳಿಕೊಟ್ಟೆ. ಗೋಡೆ ಮೇಲಿದ್ದ 44ರಲ್ಲಿ ಆರು ಅವನು ತೆಗೆದವು. ಕೆಳಗೆ ಅವನ ಹೆಸರೇ ಬರೆದಿದ್ದೆವು.

ಸಾವಿರಾರು ಫೋಟೊಗಳಲ್ಲಿ ಇಷ್ಟನ್ನೇ ಆರಿಸಿದ್ದು ಮಗಳು. ನಾನು ಇಷ್ಟಪಟ್ಟ ಎಷ್ಟೋ ಹಕ್ಕಿಗಳನ್ನು ಪಕ್ಕಕ್ಕಿಟ್ಟಳು. "ಅಪ್ಪಾ, ಇದು ಶಾರ್ಪ್ ಇದೆ, ಅಷ್ಟೇ" ಅಂದಳು. ಹತ್ತು ವರ್ಷದಲ್ಲಿ ನನ್ನ ಫೋಟೊ ಬಗ್ಗೆ ಕೇಳಿದ ಮಾತುಗಳಲ್ಲಿ ಅತಿ ಉಪಯೋಗಕ್ಕೆ ಬಂದ ಮಾತು ಅದು. ಪರೀಕ್ಷೆ ಹತ್ತಿರ ಇದ್ದರೂ ಮೂರು ರಾತ್ರಿ ಕೂತಳು, ತಾಯಿ.

ಜಾಗ ಕೊಟ್ಟ ಡೈರಿ ಅಧ್ಯಕ್ಷರು, ನಿರ್ದೇಶಕರು, ತಂತಿ ಬಿಗಿದುಕೊಟ್ಟ ಆಚಾರ್ರು, ಸಾಲಕ್ಕೆ ಪ್ರಿಂಟು ಹಾಕಿಕೊಟ್ಟ ಮಂಡ್ಯದ ಲ್ಯಾಬಿನವರು, ಎಲ್ಲರಿಗೂ ವಂದನೆ.

ನಾಲ್ಕನೇ ದಿನದ್ದು ಒಂದು ಹೇಳಲೇಬೇಕು. ನಮ್ಮೂರಿನ ಒಬ್ಬ ತಾತ ಹಾಲು ಹಾಕಿ, ಚೀಟಿ ತಗೊಂಡು, ಆ ಕಿಟಕಿ ಬಿಸಿಲಿನ ಫೋಟೊ ಮುಂದೆ ನಿಂತರು. ಹಾಲು ಸುರಿಯುತ್ತಿದ್ದದ್ದು ಅವರ ಮನೆಯವರು. ಹೋದ ಆಗಸ್ಟ್‌ನಲ್ಲಿ ತೀರಿಕೊಂಡರು. ತಾತ ಬಳೆಯ ಹತ್ತಿರ ಬೆರಳಿಟ್ಟರು, ಗಾಜಿಗೆ ತಾಗದ ಹಾಗೆ. ಎಷ್ಟೋ ಹೊತ್ತು ನಿಂತಿದ್ದರು. "ಇದು ನಂಗೆ ಕೊಟ್ಟೀಯಾ?" ಅಂದರು. ಅಲ್ಲೇ ಇಳಿಸಿ ಕೊಟ್ಟೆ. ಉಳಿದ ಮೂರು ದಿನ ಆ ಜಾಗ ಖಾಲಿಯೇ ಇತ್ತು. ಅಲ್ಲಿ ಬೇರೆ ಹಾಕಬೇಡಿ ಅಂತ ಮಗಳು ಹೇಳಿದಳು.

ಈಗ ಕೈ ತಲೆ ಮೇಲೆ ಹೋಗುತ್ತದೆ. ಉದ್ದ ಲೆನ್ಸ್ ಒರೆಸಿ, ಬ್ಯಾಟರಿ ಚಾರ್ಜ್ ಮಾಡಿ ಇಟ್ಟಿದ್ದೇನೆ. ಬರುವ ಭಾನುವಾರ ಅದನ್ನು ತಗೊಂಡು ಬೆಳ್ಳೂರಿಗೆ ಹೋಗುವವನು ನಮ್ಮ ಟೆಸ್ಟರ್ ಹುಡುಗ. ಅವ್ವನಿಗೆ ರೊಟ್ಟಿ ಹೇಳಿದ್ದೇನೆ. ಆರಕ್ಕೆ ಡೈರಿ ಬಾಗಿಲು ನಾನು ತೆಗೆಯುತ್ತೇನೆ, ಹಾಲು ನಾನು ಅಳೆಯುತ್ತೇನೆ. ಅಜ್ಜಿ ಮನೆ ಎಲ್ಲಿ ಅಂತ ಗುರುತು ಹೇಳಿ, ಬಿಳಿ ಜೋಪಾನ ಅಂದಿದ್ದೇನೆ.