ಹೆಲ್ಪ್ ಬರೆಯಲು ಹೊರಟ ಸಿಂಧುಗೆ

ಸಾಗರ

ಚಿ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ಬ್ಯಾಂಕಿನ ಆ್ಯಪ್‌ಗೆ ಹೆಲ್ಪ್, ಅಂದರೆ ಬಳಸುವವರಿಗೆ ದಾರಿ ತೋರಿಸುವ ಪುಟಗಳನ್ನು, ಬರೆಯುವ ತಂಡಕ್ಕೆ ಸೇರಿದ್ದೀಯಂತೆ, ನಿನ್ನಮ್ಮ ಫೋನ್ ಮಾಡಿದ್ದಳು. 'ಕೋಡಿಂಗ್ ಕೊಡಲಿಲ್ಲವಂತೆ ಕಣೇ ಅಕ್ಕಾ, ಸುಮ್ನೆ ಬರೆಯೋ ಕೆಲಸ' ಅಂತ ಬೇಜಾರು ಮಾಡಿಕೊಂಡಳು. ಅವಳ ಮಾತು ಬಿಡು. ನನ್ನ ನೌಕರಿಯ ಬಹುಪಾಲು ಕಳೆದದ್ದು ಇದೇ ಕೆಲಸದಲ್ಲಿ. ಹಾಗಾಗಿ ನೀನು ಕೇಳದಿದ್ದರೂ ಬರೆಯುತ್ತಿದ್ದೇನೆ.

ಹೆಲ್ಪ್ ತೆರೆಯುವವರು ಕಲಿಯೋಣ ಅಂತ ಬಂದವರಲ್ಲ. ಯಾವುದೋ ಕೆಲಸ ಮಾಡುತ್ತಿದ್ದರು, ಅರ್ಧಕ್ಕೆ ಸಿಕ್ಕಿಹಾಕಿಕೊಂಡರು. ಅವರ ತಲೆಯಲ್ಲಿ ಇರುವುದು ಆ ಕೆಲಸ, ನಿನ್ನ ಆ್ಯಪ್ ಅಲ್ಲ. ಇದೊಂದನ್ನು ಮರೆಯದಿದ್ದರೆ ಉಳಿದ ಅರ್ಧ ನಿನಗೇ ಹೊಳೆಯುತ್ತದೆ.

ಇದು ನನ್ನ ಕಲ್ಪನೆಯೇನಲ್ಲ. 1980ರ ದಶಕದಲ್ಲಿ ಅಮೆರಿಕದ ಐಬಿಎಂನಲ್ಲಿ ಜಾನ್ ಕ್ಯಾರೊಲ್ ಎಂಬ ಸಂಶೋಧಕರು ಆಫೀಸಿನ ಟೈಪಿಸ್ಟ್‌ಗಳು ವರ್ಡ್ ಪ್ರೊಸೆಸರ್ (ಪತ್ರ ಟೈಪ್ ಮಾಡುವ ಕಂಪ್ಯೂಟರ್ ವ್ಯವಸ್ಥೆ) ಹೇಗೆ ಕಲಿಯುತ್ತಾರೆ ಅಂತ ಪಕ್ಕದಲ್ಲಿ ಕೂತು ನೋಡಿದರು. ದಪ್ಪ ಪುಸ್ತಕ ಕೊಟ್ಟರೆ ಯಾರೂ ಮೊದಲಿಂದ ಓದುತ್ತಿರಲಿಲ್ಲ. ಒಂದೆರಡು ಸಾಲು ಓದಿ ನೇರ ಕೀಲಿಮಣೆಗೆ ಕೈ ಹಾಕುತ್ತಿದ್ದರು. ಎಲ್ಲೋ ತಪ್ಪು ಒತ್ತಿ ದಾರಿ ತಪ್ಪುತ್ತಿದ್ದರು. ಕ್ಯಾರೊಲ್ ಎರಡು ಕೆಲಸ ಮಾಡಿದರು. ಪೀಠಿಕೆ, ಸಾರಾಂಶಗಳನ್ನೆಲ್ಲ ಕಿತ್ತು ಕೈಪಿಡಿಯನ್ನು ಸಣ್ಣದು ಮಾಡಿದರು. ತಪ್ಪಾದಾಗ ಹೊರಗೆ ಬರುವ ದಾರಿಯನ್ನು ಅದರಲ್ಲಿ ಸೇರಿಸಿದರು. ಇನ್ನೊಂದು ನನಗೆ ಬಹಳ ಇಷ್ಟ: ಹೊಸಬರಿಗೆ ಬೇಡದ ಮೆನುಗಳು ಕೆಲಸ ಮಾಡದ ಹಾಗೆ ಯಂತ್ರದಲ್ಲೇ ತಡೆದಿಟ್ಟರು. ಒತ್ತಿದರೆ 'ಇದು ಈಗ ಸಿಗುವುದಿಲ್ಲ' ಎಂದಷ್ಟೇ ಬರುತ್ತಿತ್ತು. ಜನ ಬೇಗ ಕಲಿತರು. ಬಟನ್ನನ್ನೇ ತೆಗೆದರೆ ಅದರ ಬಗ್ಗೆ ಹೆಲ್ಪ್ ಬರೆಯುವುದೇ ಬೇಡ, ಅಲ್ವಾ? ನಿಮ್ಮ ಡಿಸೈನ್ ಮೀಟಿಂಗ್‌ನಲ್ಲಿ ಇದನ್ನು ಹೇಳುವ ಧೈರ್ಯ ಮಾಡು. ಹೆಲ್ಪ್‌ನವರು ಕೊನೆಯಲ್ಲಿ ಬಂದು ಬರೆದು ಹೋಗಲಿ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ.

ಮೊನ್ನೆ ಪಕ್ಕದ ಮನೆ ಶಾರದಕ್ಕ ಒಂದು ಆ್ಯಪ್‌ನಲ್ಲಿ ಮಗಳಿಗೆ ದುಡ್ಡು ಕಳಿಸಲು ಕೂತಿದ್ದರು. ನಾನು ಬೇಕೆಂದೇ ಸುಮ್ಮನೆ ನೋಡುತ್ತಿದ್ದೆ. ಮಗಳ ಖಾತೆ ನಂಬರನ್ನು ಪಾಸ್‌ಬುಕ್ ನೋಡಿಕೊಂಡು ಒಂದೊಂದೇ ಅಂಕಿ ಒತ್ತಿದರು. ಮತ್ತೊಂದು ಸಲ ಒತ್ತು ಅಂತ ಕೇಳಿತು, ಒತ್ತಿದರು. ಆಮೇಲೆ ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಕೋಡ್, ಕೇಳಿತು. ಹಾಗಂದರೇನು ಅಂತ ಗೊತ್ತಾಗದೆ ಮೇಲಿದ್ದ ಪ್ರಶ್ನಾರ್ಥಕ ಚಿಹ್ನೆ ಮುಟ್ಟಿದರು. ಸ್ಕ್ರೀನ್ ಪೂರ್ತಿ ಬದಲಾಯಿತು. 'ಪದೇ ಪದೇ ಕೇಳುವ ಪ್ರಶ್ನೆಗಳು' ಅಂತ ಉದ್ದದ ಪಟ್ಟಿ, ಮೊದಲನೆಯದೇ ಕ್ರೆಡಿಟ್ ಕಾರ್ಡ್ ಬಗ್ಗೆ. ಕನ್ನಡಕ ಮೇಲೆ ಕೆಳಗೆ ಮಾಡಿಕೊಂಡು ಹುಡುಕಿದರು. ಸಿಗಲಿಲ್ಲ. ಹಿಂದಕ್ಕೆ ಬಂದರೆ ತುಂಬಿದ್ದೆಲ್ಲ ಖಾಲಿ. 'ನಾನೇ ಏನೋ ಒತ್ತಿಬಿಟ್ಟೆ ಅನ್ಸುತ್ತೆ' ಅಂದರು.

ಅವರು ತಪ್ಪೇನೂ ಮಾಡಿರಲಿಲ್ಲ. ಆದರೂ ಜನ ಹೀಗೇ ಅಂದುಕೊಳ್ಳುವುದು. ಮುಂದಿನ ಸಲ ಹೆಲ್ಪ್ ಮುಟ್ಟುವುದಕ್ಕೇ ಹೆದರುತ್ತಾರೆ. ಐಎಫ್‌ಎಸ್‌ಸಿ ಅನ್ನುವ ಖಾನೆಯ ಕೆಳಗೇ 'ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಇರುತ್ತದೆ, ಒಟ್ಟು 11 ಅಕ್ಷರ ಮತ್ತು ಅಂಕಿ, ಐದನೆಯದು ಸೊನ್ನೆ' ಎಂದು ಒಂದು ಸಾಲು ಇದ್ದಿದ್ದರೆ ಮುಗಿದುಹೋಗುತ್ತಿತ್ತು. ಆ ಐದನೇ ಸೊನ್ನೆಯನ್ನು ಎಷ್ಟೋ ಜನ ಇಂಗ್ಲಿಷಿನ 'ಓ' ಅಕ್ಷರ ಅಂದುಕೊಂಡು ಒತ್ತುತ್ತಾರೆ. ಎಲ್ಲಿ ಎಡವುತ್ತಾರೋ ಅಲ್ಲೇ ಉತ್ತರ ಇರಬೇಕು. ತುಂಬಿದ ಫಾರಂ ಬಿಟ್ಟು ಹೋಗುವ ಹಾಗೆ ಮಾಡಬಾರದು.

ಹಾಗಂತ ಕೇಳದೇ ಮುಂದೆ ಬಂದು ನಿಲ್ಲುವುದೂ ಬೇಡ. ಆಫೀಸ್ 97 ಎಂಬ ಸಾಫ್ಟ್‌ವೇರ್‌ನಲ್ಲಿ ಮೈಕ್ರೋಸಾಫ್ಟ್‌ನವರು ಕಣ್ಣು ಮಿಟುಕಿಸುವ ಒಂದು ಪೇಪರ್ ಕ್ಲಿಪ್ ತಂದಿದ್ದರು. 'ಡಿಯರ್' ಅಂತ ಟೈಪ್ ಮಾಡಿದರೆ ಸಾಕು, ಪತ್ರ ಬರೆಯಲು ಸಹಾಯ ಬೇಕಾ ಅಂತ ಹಾಜರಾಗುತ್ತಿತ್ತು. ಬೇಡ ಅಂದರೂ ಮತ್ತೆ ಬರುತ್ತಿತ್ತು. 2001ರ ಹೊತ್ತಿಗೆ ಅದನ್ನು ಅವರೇ ಆಫ್ ಮಾಡಿ ಕೊಡತೊಡಗಿದರು, 2007ರಲ್ಲಿ ತೆಗೆದೇಬಿಟ್ಟರು. ಈ ಪತ್ರ ಕೈಯಲ್ಲಿ ಬರೆಯುತ್ತಿರುವುದರಿಂದ ನಾನು ಬಚಾವ್.

ಇನ್ನು ಹುಡುಕುವ ವಿಷಯ. ನಮ್ಮ ಕಾಲದಲ್ಲಿ ವಿಂಡೋಸ್‌ನ ಹೆಲ್ಪ್ ಫೈಲನ್ನು ವರ್ಡ್‌ನಲ್ಲಿ ಬರೆಯುತ್ತಿದ್ದೆವು. ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಪುಟದ ಶುರುವಿನಲ್ಲಿ ಅಡಿಟಿಪ್ಪಣಿ ಹಾಕಬೇಕು. ಹ್ಯಾಶ್ ಗುರುತಿನದ್ದು ಆ ಪುಟದ ಗುರುತು, ಡಾಲರ್ ಗುರುತಿನದ್ದು ಶೀರ್ಷಿಕೆ, 'ಕೆ' ಅಕ್ಷರದ್ದು ಹುಡುಕುವ ಪದಗಳು. ಆಮೇಲೆ ಕಂಪೈಲ್ ಮಾಡಿದರೆ, ಅಂದರೆ ಕಂಪ್ಯೂಟರ್ ತೆರೆಯುವ ರೂಪಕ್ಕೆ ತಂದರೆ, ಕೀಲಿಮಣೆಯ ಎಫ್1 ಒತ್ತಿದಾಗ ತೆರೆಯುವ ಫೈಲ್ ಸಿದ್ಧ. ನಮ್ಮಲ್ಲಿ ಪುಟ ಬರೆಯಲು ವಾರಗಟ್ಟಲೆ ಕೂರುತ್ತಿದ್ದರು. 'ಕೆ' ಟಿಪ್ಪಣಿಯನ್ನು ಸಂಜೆ ಬಸ್ಸಿಗೆ ಹೊರಡುವ ಮುಂಚೆ ಏನೋ ಒಂದು ತುಂಬಿ ಏಳುತ್ತಿದ್ದರು. ನಾನು ಟೀಮ್ ನೋಡಿಕೊಳ್ಳತೊಡಗಿದ ಮೇಲೆ ಅದನ್ನೇ ಮೊದಲು ಬರೆಸುತ್ತಿದ್ದೆ. ಜಾರ್ಜ್ ಫರ್ನಾಸ್ ಎಂಬ ಸಂಶೋಧಕರು ಮತ್ತು ಜೊತೆಯವರು 1987ರಲ್ಲೇ ತೋರಿಸಿದ್ದರು: ಒಂದೇ ವಸ್ತುವಿಗೆ ಇಬ್ಬರು ತಾವಾಗಿ ಒಂದೇ ಹೆಸರು ಕೊಡುವುದು ನೂರಕ್ಕೆ 20 ಸಲಕ್ಕಿಂತ ಕಡಿಮೆ. ನಿಮ್ಮ ಬ್ಯಾಂಕಿನವರು 'ವಿಫಲ ವಹಿವಾಟು' ಅಂತ ಬರೆದಿರುತ್ತಾರೆ. ಜನ ಹುಡುಕುವುದು 'ದುಡ್ಡು ಕಟ್ ಆಯ್ತು ಹೋಗಿಲ್ಲ' ಅಂತ, ಅದೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದು, ಸ್ಪೆಲ್ಲಿಂಗ್ ಒಬ್ಬೊಬ್ಬರದ್ದು ಒಂದೊಂದು ಥರ. ಏನೂ ಸಿಗದೇ ಹೋದ ಹುಡುಕಾಟಗಳ ಪಟ್ಟಿ ನಿಮ್ಮ ಸರ್ವರ್‌ನಲ್ಲಿ ಇದ್ದೇ ಇರುತ್ತದೆ. ದಿನಾ ಬೆಳಿಗ್ಗೆ ಮೊದಲು ಅದನ್ನು ಓದು. ಕಾಲ್ ಸೆಂಟರ್ ಹುಡುಗರ ಜೊತೆ ಚಹಾ ಕುಡಿ. ಜನ ಏನು ಕೇಳುತ್ತಾರೆ ಅಂತ ನಿನ್ನ ಮ್ಯಾನೇಜರ್‌ಗಿಂತ ಅವರಿಗೆ ಜಾಸ್ತಿ ಗೊತ್ತು.

ದುಡ್ಡಿನ ವಿಷಯದಲ್ಲಿ ಹೆಲ್ಪ್ ಅಂದರೆ ಮೊದಲು ಧೈರ್ಯ. 'ನಿಮ್ಮ ವಹಿವಾಟು ಪ್ರಕ್ರಿಯೆಯಲ್ಲಿದೆ' ಅಂತ ತೋರಿಸಿದರೆ ಯಾರಿಗೆ ಏನು ತಿಳಿಯಿತು? ನಾನಾದರೆ ಹೀಗೆ ಬರೆಯುತ್ತೇನೆ: 'ನಿಮ್ಮ ಖಾತೆಯಿಂದ 500 ರೂಪಾಯಿ ಕಟ್ ಆಗಿದೆ. ಅವರಿಗೆ ಇನ್ನೂ ಸೇರಿಲ್ಲ. ಸೇರದಿದ್ದರೆ ನಾಳೆಯೊಳಗೆ ನಿಮ್ಮ ಖಾತೆಗೇ ವಾಪಸ್ ಬರಬೇಕು. ಅಲ್ಲಿಯವರೆಗೆ ಮತ್ತೆ ಕಳಿಸಬೇಡಿ.' ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಲ್ಲೇ ಇದೆ. ಯುಪಿಐನಲ್ಲಿ ಒಬ್ಬರ ಖಾತೆಗೆ ಕಳಿಸಿದ ಹಣ ಸೇರದಿದ್ದರೆ ಮಾರನೇ ದಿನದೊಳಗೆ ವಾಪಸ್, ಅಂಗಡಿಗೆ ಕೊಟ್ಟಿದ್ದಾದರೆ ಐದು ದಿನದೊಳಗೆ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದು ಹೆಲ್ಪ್‌ನ ಯಾವುದೋ ಮೂಲೆಯಲ್ಲಿ ಇರುವ ವಿಷಯವಲ್ಲ. ದುಡ್ಡು ಕಟ್ ಆದ ಸ್ಕ್ರೀನಿನ ಮೇಲೇ ಇರಬೇಕು. ಕಾನೂನು ವಿಭಾಗದವರು ಒಪ್ಪಲ್ಲ ಅನ್ನಬಹುದು. ಜಗಳ ಮಾಡು, ಆದರೆ ಸುತ್ತೋಲೆ ಕೈಯಲ್ಲಿ ಇಟ್ಟುಕೊಂಡು ಮಾಡು.

ಕನ್ನಡದಲ್ಲಿ ಬರೆಯುವಾಗ ಒಂದು ಎಚ್ಚರ. ಸ್ಕ್ರೀನಿನ ಬಟನ್ ಮೇಲೆ ಏನಿದೆಯೋ ಅದನ್ನೇ ಬರೆ. ಬಟನ್ ಇಂಗ್ಲಿಷಿನಲ್ಲಿ ಇದ್ದು ಹೆಲ್ಪ್‌ನಲ್ಲಿ ಅಚ್ಚಗನ್ನಡ ಇದ್ದರೆ ಇಲ್ಲದ ಬಟನ್ ಹುಡುಕಿ ಸುಸ್ತಾಗುತ್ತಾರೆ.

ಚಾಟ್‌ಬಾಟ್ ಹಾಕಿದರೆ ಎಲ್ಲ ಮುಗಿಯಿತು ಅಂತ ನಿಮ್ಮಲ್ಲೂ ಯಾರಾದರೂ ಹೇಳುತ್ತಿರಬಹುದು. ಹಾಕಲಿ. ಅದಕ್ಕೆ ಗೊತ್ತಿಲ್ಲದ್ದನ್ನು ಕೇಳಿದಾಗ ಮನುಷ್ಯರ ಹತ್ತಿರ ಕಳಿಸುತ್ತದಾ ಅಂತ ಮಾತ್ರ ನೋಡು.

ಕೊನೆಗೆ ಒಂದು, ಇದರಲ್ಲಿ ರಾಜಿ ಬೇಡ. ಆ್ಯಪ್ ಒಳಗೆ ಫೋನ್ ನಂಬರ್ ಸುಲಭವಾಗಿ ಸಿಗದಿದ್ದರೆ ಜನ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕುತ್ತಾರೆ. ಕಳ್ಳರು ತಮ್ಮ ನಂಬರನ್ನು ಅಲ್ಲಿ ಹಾಕಿಟ್ಟು ಕಾದಿರುತ್ತಾರೆ. 'ರೀಫಂಡ್ ಬರುತ್ತೆ, ಪಿನ್ ಒತ್ತಿ' ಅನ್ನುತ್ತಾರೆ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಇದನ್ನು ಪಿನ್ ಕೇಳುವ ಜಾಗದಲ್ಲೇ ಬರೆ. ನಿಮ್ಮ ನಂಬರನ್ನು ಮೊದಲ ಸ್ಕ್ರೀನಿನಲ್ಲೇ ಕಾಣುವ ಹಾಗೆ ಇಡಿಸು, ಮುಟ್ಟಿದರೆ ಕರೆ ಹೋಗುವ ಹಾಗೆ. ಸೈಬರ್ ವಂಚನೆಯ ಸಹಾಯವಾಣಿ 1930 ಕೂಡ ಜೊತೆಗಿರಲಿ. ಕರೆ ಜಾಸ್ತಿಯಾಗಿ ಖರ್ಚು ಹೆಚ್ಚುತ್ತದೆ ಅಂತ ಮೇಲಿನವರು ಗೊಣಗುತ್ತಾರೆ, ಗೊಣಗಲಿ.

ನವರಾತ್ರಿಗೆ ಬರುವಾಗ ನೀನು ಬರೆದದ್ದನ್ನು ಫೋನಿನಲ್ಲೇ ಹಾಕಿಕೊಂಡು ಬಾ. ಶಾರದಕ್ಕನ ಕೈಗೆ ಕೊಡೋಣ. ನೀನು ಪಕ್ಕದಲ್ಲಿ ಕೂರಬೇಕು, ಬಾಯಿ ಬಿಡಬಾರದು, ಫೋನ್ ಕಿತ್ತುಕೊಳ್ಳಬಾರದು. ನಿನ್ನಮ್ಮನಿಗೆ ಹಪ್ಪಳ ಬೇಕಾ ಕೇಳು, ಹಲಸಿನದ್ದು ಉಳಿದಿದೆ.

ಇಂತಿ,
ನಿನ್ನ ದೊಡ್ಡಮ್ಮ