ರೆಕ್ಕೆಯ ಕುದುರೆಯ ಕೆಳಗಿರುವ ಅಕ್ಷರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನೀನು ಕಳುಹಿಸಿದ ಗ್ರೀಕ್ ಬೆಳ್ಳಿ ನಾಣ್ಯದ ಚಿತ್ರಗಳನ್ನು ಮೂರು ಸಂಜೆ ಮುಂದಿಟ್ಟುಕೊಂಡು ನೋಡಿದ್ದೇನೆ. ಒಂದು ಬದಿಯಲ್ಲಿ ಅಥೀನಾ ದೇವಿಯ ತಲೆಯೂ ಇನ್ನೊಂದು ಬದಿಯಲ್ಲಿ ಹಾರುವ ಕುದುರೆಯ ಕೆಳಗೆ ಅಥೆನ್ಸಿನ ಮೊದಲಕ್ಷರವಾದ ‘ಆಲ್ಫಾ’ದಂತಹ ಗುರುತೂ ಇರುವುದರಿಂದ ಇದು ಅಥೆನ್ಸಿನ ನಾಣ್ಯವೇ ಇರಬೇಕೆಂದು ಬರೆದಿದ್ದೀಯೆ. ಅಥೆನ್ಸನ್ನು ಮೊದಲಿಗೇ ಕೈಬಿಡಬೇಕು. ಆ ನಗರದ ನಾಣ್ಯದಲ್ಲಿ ಅಥೀನಾಳ ತಲೆಯಿದ್ದರೆ ಇನ್ನೊಂದು ಬದಿಗೆ ಗೂಬೆಯಿರುತ್ತದೆ, ಕುದುರೆಯಲ್ಲ; ಅಲ್ಲಿಯ ದೊಡ್ಡ ನಾಣ್ಯ ಸುಮಾರು 17.2 ಗ್ರಾಂ ತೂಗುತ್ತದೆ. ನಿನ್ನದು 8.4 ಗ್ರಾಂ. ಅಲ್ಲದೆ ನಿನ್ನ ಅಥೀನಾ ಧರಿಸಿರುವುದು ಮುಖವನ್ನೆಲ್ಲ ಮುಚ್ಚಬಲ್ಲ, ಕಣ್ಣು ಬಾಯಿಗಳಿಗಷ್ಟೇ ಕಿಂಡಿಯುಳ್ಳ ಶಿರಸ್ತ್ರಾಣ. ಅದನ್ನು ಹಣೆಯಿಂದ ಹಿಂದಕ್ಕೆ ಸರಿಸಿಕೊಂಡಿದ್ದಾಳೆ. ಅದು ಕೊರಿಂಥ ಎಂಬ ಇನ್ನೊಂದು ಗ್ರೀಕ್ ನಗರದ ಮಾದರಿ.

ಪೆಗಸಸ್ ಎಂಬ ಆ ರೆಕ್ಕೆಯ ಕುದುರೆಯನ್ನು ಕೊರಿಂಥದ ವೀರ ಬೆಲ್ಲೆರೊಫೋನ್ ಅಥೀನಾ ಕೊಟ್ಟ ಕಡಿವಾಣದಿಂದ ಪಳಗಿಸಿದನೆಂಬುದು ಪುರಾಣ. ನಾಣ್ಯದ ಎರಡು ಬದಿಗಳಿಗೂ ಇರುವ ನಂಟು ಅದೇ. ಸುಮಾರು 8.6 ಗ್ರಾಂ ತೂಕದ ಈ ನಾಣ್ಯಗಳನ್ನು ಜನ ‘ಕುದುರೆಮರಿಗಳು’ ಎಂದೇ ಕರೆಯುತ್ತಿದ್ದರು. ಹಾಗೆಂದ ಮಾತ್ರಕ್ಕೆ ನಿನ್ನ ನಾಣ್ಯ ಕೊರಿಂಥದ ಟಂಕಸಾಲೆಯದೇ ಎನ್ನುವಂತಿಲ್ಲ, ಏಕೆಂದರೆ ಕೊರಿಂಥದವರು ಹೋಗಿ ನೆಲೆಸಿದ ಹಲವು ಊರುಗಳೂ ಇದೇ ಚಿತ್ರವನ್ನು, ಇದೇ ತೂಕವನ್ನು ಬಳಸಿ ನಾಣ್ಯ ಹೊಡೆದವು. (ಅಂಥ ಊರುಗಳಲ್ಲೊಂದಾಗಿಯೂ ಕೊರಿಂಥದೊಂದಿಗೆ ಸದಾ ಜಗಳವಾಡುತ್ತಿದ್ದ ಕೊರ್ಕಿರಾ ಮಾತ್ರ ಕರುವಿಗೆ ಹಾಲೂಡಿಸುವ ಹಸುವಿನ ಚಿತ್ರವನ್ನು ಮುದ್ರಿಸಿತು, ಆ ಹಸುವನ್ನು ಕಂಡಾಗಲೆಲ್ಲ ನನಗೆ ನಮ್ಮ ಮನೆಯ ಕೊಟ್ಟಿಗೆ ನೆನಪಾಗುತ್ತದೆ.) ಚಿತ್ರದಿಂದ ನಾಣ್ಯದ ಮನೆತನ ತಿಳಿಯುತ್ತದೆ, ಊರನ್ನು ತಿಳಿಯಲು ಕುದುರೆಯ ಹೊಟ್ಟೆಯ ಕೆಳಗೆ ನೋಡಬೇಕು.

ಕೊರಿಂಥದ ನಾಣ್ಯದಲ್ಲಿ ಅಲ್ಲಿ ‘ಕೊಪ್ಪಾ’ ಎಂಬ ಅಕ್ಷರ ಇರುತ್ತದೆ, ಕಡ್ಡಿಯ ಮೇಲೆ ಕೂರಿಸಿದ ಸೊನ್ನೆಯಂತೆ. ಗ್ರೀಕರ ಬರಹದಿಂದ ಆ ಅಕ್ಷರ ಮರೆಯಾಗಿ, ಕೇವಲ 90 ಎಂಬ ಸಂಖ್ಯೆಯ ಗುರುತಾಗಿ ಉಳಿದ ಮೇಲೂ ಕೊರಿಂಥದವರು ತಮ್ಮ ಊರಿನ ಹೆಸರಿನ ಹಳೆಯ ಮೊದಲಕ್ಷರವನ್ನು ನಾಣ್ಯದಲ್ಲಿ ಬಿಟ್ಟುಕೊಡಲಿಲ್ಲ. ನಮ್ಮ ಶಾಸನಗಳ ಱ, ೞ ಅಕ್ಷರಗಳನ್ನು ಕಂಡು ಹಿಗ್ಗುವ ನಿನಗೆ ಇದು ಇಷ್ಟವಾಗಬಹುದು. ಕೊರಿಂಥದವರು ನೆಲೆಸಿದ ಊರುಗಳಲ್ಲಿ, ಸಿಸಿಲಿ ದ್ವೀಪದ ಸಿರಾಕ್ಯೂಸಿನವರು ‘ಸಿರಾಕ್ಯೂಸಿನವರದು’ ಎಂದು ಪೂರ್ತಿಯಾಗಿ ಬರೆಸಿದ್ದರಿಂದ ಅಲ್ಲಿ ತೊಡಕಿಲ್ಲ. ತೊಡಕಿರುವುದು ಅಂಬ್ರಾಕಿಯಾದ ಆಲ್ಫಾ, ಲ್ಯೂಕಾಸಿನ ಲ್ಯಾಂಬ್ಡಾ, ಡಿರಾಕಿಯಮ್ಮಿನ ಡೆಲ್ಟಾ ಎಂಬ ಮೂರು ಊರುಗಳ ಮೊದಲಕ್ಷರಗಳಲ್ಲಿ. ಮೂರಕ್ಕೂ ಮೇಲೆ ಕೂಡುವ ಎರಡು ಓರೆ ಗೆರೆಗಳೇ ಮೈ. ನಡುವೆ ಅಡ್ಡಗೆರೆ ಇದ್ದರೆ ಆಲ್ಫಾ, ಬುಡದಲ್ಲಿದ್ದರೆ ಡೆಲ್ಟಾ, ಎಲ್ಲಿಯೂ ಇಲ್ಲದಿದ್ದರೆ ಲ್ಯಾಂಬ್ಡಾ.

ನಿನ್ನ ಚಿತ್ರದಲ್ಲಿ ನನಗೆ ಅಡ್ಡಗೆರೆ ಕಾಣುತ್ತಿಲ್ಲ. ಅದು ಸವೆದು ಹೋಗಿರಬಹುದಲ್ಲವೇ ಎಂದು ನೀನು ಕೇಳುವೆ. ಸವೆತ ಮೊದಲು ತಗಲುವುದು ಉಬ್ಬಿದ ಭಾಗಕ್ಕೆ. ಕುದುರೆಯ ರೆಕ್ಕೆಯ ಗರಿಗಳೇ ಒಂದೊಂದಾಗಿ ಎಣಿಸುವಷ್ಟು ಉಳಿದಿರುವಾಗ, ಅದಕ್ಕಿಂತ ತಗ್ಗಿನಲ್ಲಿರುವ ಅಕ್ಷರದ ಒಂದು ಗೆರೆ ಮಾತ್ರ ಅಳಿಸಿಹೋಗುವುದು ಕಷ್ಟ. ಅಕ್ಷರದ ಬುಡದ ಕೆಳಗೆ ಇನ್ನೂ ಬೆಳ್ಳಿಯ ಅಂಚು ಉಳಿದಿರುವುದರಿಂದ ಡೆಲ್ಟಾದ ಗೆರೆ ನಾಣ್ಯದ ಹೊರಗೆ ಹೋಯಿತೆನ್ನಲೂ ಆಗದು. ಆದ್ದರಿಂದ ನನ್ನ ಒಲವು ಲ್ಯೂಕಾಸಿನ ಕಡೆಗಿದೆ. ಅಚ್ಚಿನ ಗೀರಿನಲ್ಲಿ ಕೊಳೆ ತುಂಬಿಕೊಂಡು ಅಡ್ಡಗೆರೆ ಮೂಡದೇ ಹೋಗಿರುವ ಸಾಧ್ಯತೆಯೊಂದು ಮಾತ್ರ ನನ್ನನ್ನು ಕಾಡುತ್ತಿದೆ.

ನಾಣ್ಯ ಸಿಸಿಲಿಯಲ್ಲಿ ಸಿಕ್ಕಿತೆಂದು ಮಾರಿದವರು ಹೇಳಿದ ಮಾತಿಗೆ ಇಲ್ಲಿ ಬೆಲೆ ಕೊಡಬೇಡ. ಕ್ರಿ.ಪೂ. 344ರಲ್ಲಿ ಸೇನಾನಿ ಟಿಮೋಲಿಯೋನ್ ಕೊರಿಂಥದಿಂದ ಸಿರಾಕ್ಯೂಸಿಗೆ ಬಂದ ಕಾಲದಿಂದೀಚೆಗೆ ಈ ಎಲ್ಲ ಊರುಗಳ ಕುದುರೆಮರಿಗಳೂ ಆ ದ್ವೀಪಕ್ಕೆ ರಾಶಿರಾಶಿಯಾಗಿ ಹೋಗಿವೆ.

ಇನ್ನು ಉಳಿದಿರುವುದು ಅಥೀನಾಳ ಬದಿ. ಅವಳ ಕುತ್ತಿಗೆಯ ಬಳಿ ಅಕ್ಷರಗಳಿದ್ದರೆ ಅವನ್ನು ಊರಿನ ಹೆಸರೆಂದು ಓದಲು ಆತುರಪಡಬೇಡ, ಅವು ಟಂಕಸಾಲೆಯ ಅಧಿಕಾರಿಯ ಗುರುತೂ ಆಗಿರಬಹುದು. ಅಚ್ಚುಗಳನ್ನು ಕೈಯಿಂದಲೇ ಕೆತ್ತುತ್ತಿದ್ದುದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ. ಇದೇ ಅಚ್ಚಿನ ಅಥೀನಾ, ಅಕ್ಷರ ಸ್ಪಷ್ಟವಾಗಿರುವ ಬೇರೊಂದು ನಾಣ್ಯದಲ್ಲಿ ಸಿಕ್ಕರೆ ನನ್ನ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಹೋಲಿಸಿ ನೋಡಲು ನೀನು ಕಳುಹಿಸಿದ ಚಿತ್ರದಲ್ಲಿ ಅವಳ ಶಿರಸ್ತ್ರಾಣದ ಹಿಂಭಾಗ ನೆರಳಿನಲ್ಲಿದೆ. ದೀಪವನ್ನು ಎಡಗಡೆಯಿಂದ, ಮೇಜಿನ ಮಟ್ಟಕ್ಕೆ ತಗ್ಗಿಸಿ ಹಿಡಿದು ಇನ್ನೊಂದು ಚಿತ್ರ ತೆಗೆದು ಕಳುಹಿಸು. ಅಲ್ಲಿಯವರೆಗೆ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ತೊಳೆಯಬೇಡ.

ನಿನ್ನ,
ಹಳೆಯ ಗೆಳೆಯ