ಆ ನೈಟ್‌ನ ಮನೆಮಂದಿ

ಪ್ರೀತಿಯ ತಂಗಿ,

ಮಧ್ಯಯುಗದ ಇಂಗ್ಲೆಂಡಿನ ನೈಟ್, ಅಂದರೆ ಕುದುರೆ ಏರಿ ಕಾದುವ ಯೋಧ, ವಿಲಿಯಂ ಮಾರ್ಷಲ್ ಬಗ್ಗೆ ನೀನು ಕಳಿಸಿದ ನಾಲ್ಕು ಅಧ್ಯಾಯ ಓದಿದೆ. ಕುದುರೆ, ಕವಚ, ಈಟಿ ಎಲ್ಲ ಚೆನ್ನಾಗಿ ಬಂದಿವೆ. ಆದರೆ ಅವನ ಮನೆಯವರು ಒಬ್ಬರೂ ಬಾಯಿ ಬಿಟ್ಟಿಲ್ಲ. ಅದು ನನಗೆ ಬೇಸರವಾಯಿತು.

1152ರಲ್ಲಿ ಇಂಗ್ಲೆಂಡಿನ ರಾಜ ಸ್ಟೀಫನ್ ವಿಲಿಯಂನ ಅಪ್ಪನ ನ್ಯೂಬರಿ ಕೋಟೆಗೆ ಹಾಕಿದ ಮುತ್ತಿಗೆಗೆ ಮತ್ತೆ ಹೋಗು. ವಿಲಿಯಂಗೆ ಆಗ ಐದಾರು ವರ್ಷ. ಅಪ್ಪ ಜಾನ್ ಸ್ವಲ್ಪ ಕಾಲಾವಕಾಶ ಕೇಳಿ, ಅವನನ್ನು ಸ್ಟೀಫನ್ ರಾಜನ ಬಳಿ ಒತ್ತೆಯಿಟ್ಟ. ಸಿಕ್ಕ ಕಾಲಾವಕಾಶದಲ್ಲಿ ಕೋಟೆಗೆ ದವಸ, ಜನ ತುಂಬಿಸಿಕೊಂಡು ಮಾತಿಗೆ ತಪ್ಪಿದ. ಮಗನನ್ನು ಗಲ್ಲಿಗೇರಿಸುತ್ತೇವೆ ಎಂದರೆ, ಇವನಿಗಿಂತ ಒಳ್ಳೆ ಮಕ್ಕಳನ್ನು ಮಾಡಿಕೊಳ್ಳಲು ಸುತ್ತಿಗೆ, ಅಡಿಗಲ್ಲು ಎರಡೂ ನನ್ನ ಹತ್ತಿರ ಇವೆ ಎಂದನಂತೆ! ರಾಜನಿಗೇ ಕೊಲ್ಲಲು ಮನಸ್ಸು ಬರಲಿಲ್ಲ. ಆಮೇಲೆ ರಾಜನೂ ಹುಡುಗನೂ ಡೇರೆಯಲ್ಲಿ ಗಿಡದ ಕಡ್ಡಿಗಳನ್ನೇ ನೈಟ್‌ಗಳೆಂದುಕೊಂಡು ಆಟವಾಡಿದರು. ಇದನ್ನು ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟೆ. ಅಪ್ಪ ಹಾಗೆ ಹೇಳಿದ ಮೇಲೆ ಆ ಮಗು ಏನು ಆಡಿತು, ಯಾರ ಕಡೆ ನೋಡಿತು? ಎರಡು ಪುಟವಾದರೂ ಅಲ್ಲಿ ನಿಲ್ಲಬೇಕಿತ್ತು, ಅಲ್ವಾ?

ಒಂದು ಎಚ್ಚರಿಕೆ. ಇದೆಲ್ಲ ನಮಗೆ ಸಿಗುವುದು ಹಳೆಯ ಫ್ರೆಂಚ್‌ನ ಒಂದು ಪದ್ಯದಲ್ಲಿ. 19,000ಕ್ಕೂ ಜಾಸ್ತಿ ಸಾಲು. ಬರೆಸಿದವನು ವಿಲಿಯಂನ ಹಿರಿಯ ಮಗ. ಅಪ್ಪನ ಹೊಗಳಿಕೆ ಎಷ್ಟು, ನಡೆದದ್ದು ಎಷ್ಟು ಎಂದು ತೂಗಿ ನೋಡಿಯೇ ತಗೋ.

ಇಸಾಬೆಲ್‌ಳನ್ನು ಸುಮ್ನೆ 'ಹೆಂಡತಿ' ಎಂದು ಬರೆದಿದ್ದೀಯ. ಅವನು ನಾಲ್ಕನೇ ಮಗ, ಅಪ್ಪನ ಆಸ್ತಿ ಬಂದವನಲ್ಲ. 1189ರಲ್ಲಿ ಅವಳ ಕೈಹಿಡಿದ ಮೇಲೆಯೇ ವೇಲ್ಸ್‌ನ ಗಡಿಯಲ್ಲೂ ಐರ್ಲೆಂಡಿನಲ್ಲೂ ದೊಡ್ಡ ಜಮೀನ್ದಾರನಾದದ್ದು. 1207ರಲ್ಲಿ ಅವನು ಇಂಗ್ಲೆಂಡಿಗೆ ಹೋದಾಗ, ಬಸುರಿ ಹೆಂಗಸು ಐರ್ಲೆಂಡಿನಲ್ಲೇ ಉಳಿದು ಆ ನೆಲ ಕಾಪಾಡಿದಳು. ಅವಳ ತಾಯಿ ಅಲ್ಲಿನ ಲೆನ್‌ಸ್ಟರ್ ರಾಜನ ಮಗಳು. ಅವಳಿಗೆ ಒಂದು ಅಧ್ಯಾಯ ಕೊಡು.

ಅವರಿಗೆ ಹತ್ತು ಮಕ್ಕಳು, ಐದು ಗಂಡು, ಐದು ಹೆಣ್ಣು. ಗಂಡುಮಕ್ಕಳು ಐವರೂ ಒಬ್ಬರಾದ ಮೇಲೊಬ್ಬರು ವಾರಸುದಾರರಿಲ್ಲದೆ ಸತ್ತರು. 1245ಕ್ಕೆ ಆ ಸಾಲೇ ಮುಗಿಯಿತು. ಆಸ್ತಿ ಹೆಣ್ಣುಮಕ್ಕಳ ಮನೆಗಳಿಗೆ ಹಂಚಿಹೋಯಿತು.

ಆದರೆ ಪುಸ್ತಕವನ್ನು ಅಲ್ಲಿಗೆ ಮುಗಿಸಬೇಡ. 1219ರ ಮೇ ತಿಂಗಳಿಗೆ, ವಿಲಿಯಂ ಕೊನೆಯುಸಿರೆಳೆದ ಕ್ಯಾವರ್ಶಮ್‌ಗೆ ವಾಪಸ್ ಬಾ. ಎಳೆಯ ರಾಜನ ಪರವಾಗಿ ಇಂಗ್ಲೆಂಡನ್ನೇ ಆಳಿದ ಮುದುಕ ಹಾಸಿಗೆ ಹಿಡಿದಿದ್ದಾನೆ. ಹಾಡು ಕೇಳುವ ಆಸೆ. ಹೆಣ್ಣುಮಕ್ಕಳನ್ನು ಕರೆಸುತ್ತಾನೆ. ಇನ್ನೂ ಮದುವೆಯಾಗದ ಜೋನ್ ನಾಚಿಕೊಂಡು ಹಾಡುತ್ತಾಳೆ. ಹಾಡುವಾಗ ನಾಚಬಾರದಮ್ಮ ಎಂದು, ಪದಗಳನ್ನು ಹೇಗೆ ಹೇಳಬೇಕೋ ಅವನೇ ಹೇಳಿಕೊಡುತ್ತಾನೆ.

ಆ ಪುಟ ಬರೆದ ದಿನವೇ ನನಗೆ ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ